ಭಾರತ ಸಿಂಹಳಗಳ ನಡುವಣ ಕಡಲು: ಅದರ ನೆಲೆ, ಋತುಮಾನ ಮತ್ತು ಇತಿಹಾಸ

ಭರತಖಂಡದ ದಕ್ಷಿಣಭಾಗಕ್ಕೂ ಸಿಂಹಳದ್ವೀಪಕ್ಕೂ ನಡುವೆ ಹಬ್ಬಿರುವ ಕಡಲು ಭೂಪಟದಲ್ಲಿ ಬೆರಳೊಂದರಿಂದ ಮುಚ್ಚಬಹುದಾದಷ್ಟು ಕಿರಿದು. ರಾಮೇಶ್ವರದ್ವೀಪದ ಪೂರ್ವಾಗ್ರವಾದ ಧನುಷ್ಕೋಟಿಗೂ ಮನ್ನಾರ್ ದ್ವೀಪದ ಪಶ್ಚಿಮಾಗ್ರವಾದ ತಲೈಮನ್ನಾರಿಗೂ ಇರುವ ಅಂತರ ಸುಮಾರು ೩೦ ಕಿಲೋಮೀಟರು ಮಾತ್ರ. ಆ ಅಂತರದಲ್ಲಿಯೂ ನೀರಿಗಿಂತ ಮರಳೇ ಎದ್ದು ಕಾಣುವ ಸ್ಥಳಗಳು ಹಲವು ಉಂಟು. ಇಷ್ಟು ಸಮೀಪದಲ್ಲಿರುವ ಎರಡು ದೇಶಗಳು ಒಂದೇ ರಾಜ್ಯವಾಗಿ ಬಹುಕಾಲ ನಿಂತುದಿಲ್ಲ. ಹಾಗೆಂದು ಒಂದನ್ನೊಂದು ಮರೆತು ಬಾಳಿದುದೂ ಇಲ್ಲ. ದಂಡುಗಳು ದಾಟಿದುವು, ಆದರೆ ನೆಲೆಯೂರಲಾರದೆ ಹಿಂದಿರುಗಿದುವು. ಧರ್ಮ, ಭಾಷೆ, ಕುದುರೆ, ಮುತ್ತು, ಶಂಖ ಇವು ದಾಟಿ ಅತ್ತಿತ್ತ ಎರಡು ದಡಗಳಲ್ಲಿಯೂ ಉಳಿದುವು.

ಇದರ ಕಾರಣವನ್ನು ರಾಜರ ಬಲಾಬಲಗಳಲ್ಲಿಯೇ ಹುಡುಕುವುದು ಇತಿಹಾಸವನ್ನು ಬರೆಯುವವರ ವಾಡಿಕೆ. ಬಲಾಬಲಗಳನ್ನು ಅಲ್ಲಗಳೆಯಲಾಗದು. ಆದರೆ ಯಾವ ದಂಡು ಯಾವ ತಿಂಗಳಲ್ಲಿ ದಾಟಬಲ್ಲುದು, ಯಾವ ಹಡಗು ಎಲ್ಲಿಯವರೆಗೆ ಬಂದು ನಿಲ್ಲಬೇಕು, ಯಾವ ಬಂದರು ಎಷ್ಟು ಕಾಲ ಬಾಳುವುದು ಎಂಬ ವಿಷಯಗಳನ್ನು ನಿರ್ಣಯಿಸಿದವು ಆ ಕಡಲಿನ ಆಳ, ಗಾಳಿ ಮತ್ತು ಮರಳು. ಶಾಸನಗಳ ಮತ್ತು ಗ್ರಂಥಗಳ ಮಾತನ್ನು ಈ ಮೂರರೊಡನೆ ಹೋಲಿಸಿ ನೋಡಿದಲ್ಲದೆ ಅವುಗಳಲ್ಲಿ ಗ್ರಾಹ್ಯವಾದುದು ಯಾವುದು, ತ್ಯಾಜ್ಯವಾದುದು ಯಾವುದು ಎಂಬುದು ತಿಳಿಯುವಂತಿಲ್ಲ. ಪ್ರಸ್ತುತ ವಿಚಾರದ ವಿಷಯ ಇದೇ.

೧. ಕಡಲಿನ ನೆಲೆ

ಒಂದೇ ಕಡಲೆಂದು ಹೇಳುವ ಈ ಜಲರಾಶಿ ವಾಸ್ತವವಾಗಿ ಎರಡು ಕಡಲುಗಳ ಜೋಡಣೆ. ರಾಮೇಶ್ವರದ್ವೀಪ, ಸೇತುವೆಂದು ಪ್ರಸಿದ್ಧವಾದ ಮರಳುದಿಬ್ಬಗಳ ಸಾಲು, ಮನ್ನಾರ್ ದ್ವೀಪ, ಈ ಮೂರೂ ಸೇರಿ ಒಂದು ಅಡ್ಡಗಟ್ಟಿನಂತೆ ನಿಂತಿವೆ. ಅದರ ಉತ್ತರಕ್ಕಿರುವುದು ಪಾಕ್ ಕೊಲ್ಲಿ, ದಕ್ಷಿಣಕ್ಕಿರುವುದು ಮನ್ನಾರ್ ಖಾರಿ. ಪಾಕ್ ಕೊಲ್ಲಿಯು ಈಶಾನ್ಯದಲ್ಲಿ ಪಾಕ್ ಜಲಸಂಧಿಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುವುದು. ಕೋಡಿಯಕ್ಕರೈ ಭೂಶಿರದಿಂದ ಯಾಳ್ಪಾಣದ ಪರುತ್ತಿತ್ತುರೈಗೆ ಅಲ್ಲಿ ೬೦ ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ದೂರವಿದೆ. 'ಪಾಕ್' ಎಂಬ ಹೆಸರು ದೇಶ್ಯವೂ ಅಲ್ಲ, ಪ್ರಾಚೀನವೂ ಅಲ್ಲ. ೧೭೬೩ರಿಂದ ೧೭೬೭ರವರೆಗೆ ಮದರಾಸಿನ ಗವರ್ನರಾಗಿದ್ದ ರಾಬರ್ಟ್ ಪಾಕ್ ಎಂಬಾತನಿಂದ ಬಂದುದು.

ಈ ಎರಡು ಕಡಲುಗಳ ಸ್ವಭಾವ ಪರಸ್ಪರ ವಿರುದ್ಧವಾದುದು. ಪಾಕ್ ಕೊಲ್ಲಿಯ ಆಳ ಬಹುಭಾಗದಲ್ಲಿ ೧೫ ಮೀಟರಿಗಿಂತ ಕಡಮೆ. ತಳ ಕೆಸರು ಮತ್ತು ಮರಳು. ಕಡಲಹುಲ್ಲಿನ ಬಯಲುಗಳು ಅಲ್ಲಲ್ಲಿ ಹಬ್ಬಿವೆ. ಆ ಹುಲ್ಲನ್ನು ಮೇದು ಬದುಕುವ ಕಡಲಹಸು ಎಂಬ ಸಾಧುಪ್ರಾಣಿಯ ರಕ್ಷಣೆಗಾಗಿ ತಮಿಳುನಾಡಿನ ಸರ್ಕಾರವು ೨೦೨೨ರಲ್ಲಿ ಅಲ್ಲಿನ ೪೪೮ ಚದರ ಕಿಲೋಮೀಟರು ಪ್ರದೇಶವನ್ನು ಕಾಪಿಟ್ಟಿತು. ಮನ್ನಾರ್ ಖಾರಿಯು ದಡದ ಬಳಿ ಹವಳದ ದಿಣ್ಣೆಗಳಿಂದಲೂ ಇಪ್ಪತ್ತೊಂದು ಕಿರುದ್ವೀಪಗಳಿಂದಲೂ ಕೂಡಿದ್ದರೂ, ದಕ್ಷಿಣಕ್ಕೆ ಸಾಗಿದಂತೆ ತಟ್ಟನೆ ಇಳಿದು ಸಾವಿರ ಮೀಟರಿಗೂ ಮೀರಿದ ಆಳವನ್ನು ಹೊಂದುವುದು. ಒಂದು ಕೆರೆಯಂತೆ, ಮತ್ತೊಂದು ಮಹಾಸಾಗರದ ತೋಳಿನಂತೆ. ಇವೆರಡರ ನಡುವೆ ಸೇತುವಿನ ಮೇಲೆ ನೀರು ಹಲವೆಡೆ ಒಂದೆರಡು ಮೀಟರಿಗಿಂತ ಹೆಚ್ಚಿಲ್ಲ.

ಈ ಆಳವಿಲ್ಲದಿರುವಿಕೆಗೆ ಕಾರಣವು ಭೂಮಿಯ ಇತಿಹಾಸದಲ್ಲಿದೆ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಸಮುದ್ರದ ಮಟ್ಟವು ಇಂದಿಗಿಂತ ೧೨೦ ಮೀಟರುಗಳಷ್ಟು ತಗ್ಗಿನಲ್ಲಿದ್ದಿತು. ಆಗ ಪಾಕ್ ಕೊಲ್ಲಿಯ ಸ್ಥಳವೆಲ್ಲ ಒಣನೆಲ. ಸಿಂಹಳವು ದ್ವೀಪವೇ ಅಲ್ಲ. ಹಿಮವು ಕರಗಿ ನೀರೇರುತ್ತ ಬಂದು ಸುಮಾರು ಏಳು ಸಾವಿರ ವರ್ಷಗಳ ಹಿಂದೆ ಆ ನೆಲವು ಮುಳುಗಿತೆಂದು ಭೂವಿಜ್ಞಾನಿಗಳು ನಿರ್ಣಯಿಸಿರುವರು. ಮುಳುಗಿದ ಮೇಲೂ ನದಿಗಳು ಅದನ್ನು ತುಂಬುವ ಕೆಲಸವನ್ನು ಬಿಟ್ಟಿಲ್ಲ. ವೈಗೈ ನದಿಯು ಪಾಕ್ ಕೊಲ್ಲಿಯ ಕಡೆಗೂ, ತಾಮ್ರಪರ್ಣಿಯು ಮನ್ನಾರ್ ಖಾರಿಗೂ, ಸಿಂಹಳದ ಮಲ್ವತು ಓಯ ಎಂಬ ಹೊಳೆಯು ಎದುರಿನಿಂದ ಅದೇ ಖಾರಿಗೂ ಮಣ್ಣನ್ನು ಹೊತ್ತು ತರುವುವು. ಕೋಡಿಯಕ್ಕರೈಯು ಕಾವೇರಿಯ ಮುಖಜಭೂಮಿಯ ದಕ್ಷಿಣಾಗ್ರವಾದುದರಿಂದ, ಕೊಡಗಿನಲ್ಲಿ ಹುಟ್ಟಿ ಕನ್ನಡನಾಡನ್ನು ಹಾದುಹೋಗುವ ನದಿಯ ಮೆಕ್ಕಲೂ ಈ ಜಲಸಂಧಿಯ ದಡವನ್ನು ಕಟ್ಟಿರುವುದೆಂದು ಹೇಳಬಹುದು.

೨. ಗಾಳಿ ಮತ್ತು ಮಳೆ

ಈ ಕಡಲಿನ ಮೇಲೆ ವರ್ಷಕ್ಕೆ ಎರಡು ಗಾಳಿಗಳು ಆಳುವುವು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬೀಸುವುದು ನೈರುತ್ಯ ಮಾರುತ, ಅಂದರೆ ಮುಂಗಾರು. ಇದೇ ಗಾಳಿಯು ಸಹ್ಯಾದ್ರಿಯ ಮೇಲೆ ತನ್ನ ನೀರನ್ನು ಸುರಿದು, ಆಗುಂಬೆಯಂತಹ ಸ್ಥಳಗಳಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯನ್ನು ಕೊಡುವುದು. ಬೆಟ್ಟಗಳನ್ನು ದಾಟಿ ರಾಮನಾಥಪುರದ ಕರಾವಳಿಗೆ ಬರುವ ವೇಳೆಗೆ ಅದರಲ್ಲಿ ಬಿರುಸು ಉಳಿದಿರುವುದೇ ಹೊರತು ನೀರು ಉಳಿದಿರುವುದಿಲ್ಲ. ಎದುರು ದಡದ ಮನ್ನಾರಿನ ಸ್ಥಿತಿಯೂ ಅದೇ. ಆದುದರಿಂದ ಮಲೆನಾಡು ತೊಯ್ಯುತ್ತಿರುವ ತಿಂಗಳುಗಳಲ್ಲಿ ಈ ಎರಡು ದಡಗಳೂ ಒಣಗುತ್ತಿರುವುವು, ಮರಳು ಹಾರುವುದು, ಮನ್ನಾರ್ ಖಾರಿಯಲ್ಲಿ ಅಲೆಗಳು ಎದ್ದು ದಡವನ್ನು ಬಡಿಯುವುವು.

ಅಕ್ಟೋಬರಿನಿಂದ ಈಶಾನ್ಯ ಮಾರುತದ ಕಾಲ. ಅದು ಬಂಗಾಳ ಕೊಲ್ಲಿಯ ಮೇಲಿಂದ ಹಾದುಬರುವಾಗ ನೀರನ್ನು ಹೀರಿಕೊಂಡು ಬಂದು, ಈ ಪ್ರಾಂತದ ವರ್ಷದ ಮಳೆಯ ಬಹುಪಾಲನ್ನು ಡಿಸೆಂಬರ್ ಮುಗಿಯುವುದರೊಳಗೆ ಸುರಿಸಿಬಿಡುವುದು. ಒಟ್ಟು ಮಳೆಯಾದರೋ ರಾಮನಾಥಪುರದ ಕಡೆ ಸಾಮಾನ್ಯವಾಗಿ ಸಾವಿರ ಮಿಲಿಮೀಟರಿಗೆ ಕಡಮೆ. ವರ್ಷದ ಉಳಿದ ಕಾಲದ ಬಿಸಿಲು ಉಪ್ಪಿನ ಬಯಲುಗಳಿಗೆ ಅನುಕೂಲವಾಗಿದೆ. ತೂತ್ತುಕುಡಿ ಮತ್ತು ವೇದಾರಣ್ಯಗಳ ಉಪ್ಪು ಪ್ರಸಿದ್ಧವಾದುದು. ೧೯೩೦ರಲ್ಲಿ ರಾಜಗೋಪಾಲಾಚಾರ್ಯರು ಉಪ್ಪಿನ ಸತ್ಯಾಗ್ರಹಕ್ಕೆ ವೇದಾರಣ್ಯವನ್ನು ಆರಿಸಿಕೊಂಡುದು ಯಾದೃಚ್ಛಿಕವಲ್ಲ.

ಗಾಳಿಯ ದಿಕ್ಕು ತಿರುಗಿದಂತೆ ಪ್ರವಾಹದ ದಿಕ್ಕೂ ತಿರುಗುವುದು. ಪಾಂಬನ್ ಕಂಡಿಯಲ್ಲಿ ಮುಂಗಾರಿನಲ್ಲಿ ನೀರು ಉತ್ತರಾಭಿಮುಖವಾಗಿಯೂ, ಹಿಂಗಾರಿನಲ್ಲಿ ದಕ್ಷಿಣಾಭಿಮುಖವಾಗಿಯೂ ಹರಿಯುವುದು. ಉಬ್ಬರವಿಳಿತವು ಒಂದು ಮೀಟರಿಗಿಂತ ಕಡಮೆಯಾದುದರಿಂದ ಅದರ ಪ್ರಭಾವ ಅಲ್ಪ; ಇಲ್ಲಿ ಪ್ರಭುತ್ವವೆಲ್ಲ ಗಾಳಿಯದೇ. ಸೇತುವು ಅಡ್ಡವಾಗಿ ನಿಂತಿರುವ ಕಾರಣ ಮತ್ತೊಂದು ವಿಶೇಷವೂ ಉಂಟಾಗುವುದು. ನೈರುತ್ಯ ಮಾರುತದಲ್ಲಿ ಸೇತುವಿನ ಉತ್ತರದ ನೀರು ಮರೆಯಲ್ಲಿರುವುದು, ಈಶಾನ್ಯ ಮಾರುತದಲ್ಲಿ ದಕ್ಷಿಣದ ನೀರು ಮರೆಯಲ್ಲಿರುವುದು. ಒಂದು ಕಡಲು ಕೆರಳಿದಾಗ ಮತ್ತೊಂದು ಕಡಲು ಅಷ್ಟಿಷ್ಟು ತಾಳ್ಮೆಯಿಂದಿರುವುದು. ಸ್ಥಳೀಯ ಬೆಸ್ತರ ಜೀವನವು ಈ ಮರೆಯನ್ನು ಅನುಸರಿಸಿಯೇ ನಡೆದು ಬಂದಿದೆ.

೩. ಪ್ಲಿನಿಯು ಹೇಳುವ ನೂರು ದಿನಗಳು

ಈ ಕಡಲನ್ನು ಕುರಿತ ಪ್ರಾಚೀನ ವಿದೇಶೀಯರ ಲೇಖಗಳಲ್ಲಿ ರೋಮನ್ ಗ್ರಂಥಕರ್ತನಾದ ಪ್ಲಿನಿಯದು ಅತ್ಯಂತ ವಿವರವಾದುದು. ಕ್ರಿ. ಶ. ಒಂದನೆಯ ಶತಮಾನದಲ್ಲಿದ್ದ ಆತನು ತಾನು ಈ ಕಡೆಗೆ ಬಂದವನಲ್ಲ. ಕೆಂಪುಸಮುದ್ರದ ಸುಂಕವನ್ನು ಗುತ್ತಿಗೆ ಹಿಡಿದಿದ್ದ ಒಬ್ಬ ರೋಮನನ ಕಡೆಯವನು ಅರಬಸ್ಥಾನದ ಬಳಿ ಗಾಳಿಗೆ ಸಿಕ್ಕಿ ಹದಿನೈದನೆಯ ದಿನ ಸಿಂಹಳವನ್ನು ಸೇರಿದನೆಂದೂ, ತರುವಾಯ ಆ ದ್ವೀಪದ ರಾಜನು ಕ್ಲಾಡಿಯಸ್ ಚಕ್ರವರ್ತಿಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದನೆಂದೂ ಆತನೇ ಬರೆದಿರುವನು.

ಆತನ ಮಾತಿನ ಸಾರಾಂಶವು ಹೀಗಿದೆ. ಭಾರತಕ್ಕೂ ಆ ದ್ವೀಪಕ್ಕೂ ನಡುವಣ ಕಡಲು ಬಹಳ ಮಟ್ಟಿಗೆ ಆಳವಿಲ್ಲದುದು, ಆದರೆ ಕೆಲವು ಕಾಲುವೆಗಳಲ್ಲಿ ಲಂಗರು ನೆಲೆಗಾಣದಷ್ಟು ಆಳವಾದುದು. ಇಕ್ಕಟ್ಟಿನಲ್ಲಿ ಹಡಗನ್ನು ತಿರುಗಿಸಬೇಕಾಗದಂತೆ ಅಲ್ಲಿನವರು ಎರಡು ಕಡೆಯೂ ಮೂತಿಯುಳ್ಳ ನಾವೆಗಳನ್ನು ಕಟ್ಟುವರು. ನಕ್ಷತ್ರಗಳನ್ನು ನೋಡಿ ನಡೆಸುವ ಪದ್ಧತಿ ಅವರಲ್ಲಿಲ್ಲ. ಸಪ್ತರ್ಷಿಮಂಡಲವು ಅಲ್ಲಿ ಕಾಣಿಸದು. ಅವರು ಹಕ್ಕಿಗಳನ್ನು ಒಯ್ದು ಹಾರಬಿಟ್ಟು ಅವು ಹೋದ ದಿಕ್ಕಿನಲ್ಲಿ ದಡವನ್ನು ಹಿಡಿಯುವರು. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಯಾನ ನಡೆಯುವುದು; ಅದರಲ್ಲಿಯೂ ಉತ್ತರಾಯಣದ ಕೊನೆಯಾದ ದೀರ್ಘದಿನದಿಂದ ನೂರು ದಿನಗಳನ್ನು ವಿಶೇಷವಾಗಿ ವರ್ಜಿಸುವರು.

ಈ ಲೇಖದಲ್ಲಿ ಎಷ್ಟನ್ನು ನಂಬಬಹುದು? ಸಪ್ತರ್ಷಿಮಂಡಲವು ಕಾಣದೆಂಬುದು ಸರ್ವಥಾ ತಪ್ಪು. ಮನ್ನಾರ್ ಇರುವುದು ಒಂಬತ್ತು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಧ್ರುವನಕ್ಷತ್ರವು ದಿಗಂತದ ಬಳಿ ತಗ್ಗಿರುವುದಾದರೂ, ವಸಂತಗ್ರೀಷ್ಮಗಳ ರಾತ್ರಿಗಳಲ್ಲಿ ಸಪ್ತರ್ಷಿಗಳು ಸ್ಪಷ್ಟವಾಗಿ ಕಾಣುವರು. ಈ ಒಂದು ದೋಷವನ್ನು ಹಿಡಿದು ಇಡೀ ಲೇಖವನ್ನೇ ನಾವಿಕರ ಕಟ್ಟುಕಥೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಆಕಾಶದಿಂದ ಒಂದು ಮಾತನ್ನು ಪರೀಕ್ಷಿಸಿದಂತೆ ಗಾಳಿಯಿಂದ ಮತ್ತೊಂದು ಮಾತನ್ನು ಪರೀಕ್ಷಿಸುವುದು ನ್ಯಾಯ.

ದೀರ್ಘದಿನವು ಜೂನ್ ೨೧. ಅಲ್ಲಿಂದ ನೂರು ದಿನಗಳನ್ನು ಎಣಿಸಿದರೆ ಸೆಪ್ಟೆಂಬರ್ ೨೯ಕ್ಕೆ ಬರುವುದು. ಇದು ನೈರುತ್ಯ ಮಾರುತವು ಬಲವಾಗಿ ಬೀಸುವ ಕಾಲಕ್ಕೆ ಬಹುಮಟ್ಟಿಗೆ ಸರಿಹೊಂದುವುದು. ಇಷ್ಟು ನಿಖರವಾದ ಎಣಿಕೆಯು ಊಹೆಯಿಂದ ಬರುವಂತಹುದಲ್ಲ. ಆ ದಡದಲ್ಲಿ ಬಾಳಿದವರ ಬಾಯಿಂದಲೇ ಬಂದಿರಬೇಕು. ಇನ್ನು ಉಳಿದ ೨೬೫ ದಿನಗಳಲ್ಲಿ ಯಾನಕ್ಕೆ ನಾಲ್ಕೇ ತಿಂಗಳೆಂದು ಏಕೆ ಹೇಳಿದೆ? ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಳೆಯೂ ಬಿರುಗಾಳಿಯೂ. ಜನವರಿಯಲ್ಲಿಯೂ ಈಶಾನ್ಯದ ಗಾಳಿ ಬಲವಾಗಿರುವುದು. ಇವನ್ನು ಕಳೆದರೆ ಉಳಿಯುವುದು ಫೆಬ್ರವರಿಯಿಂದ ಮೇ ತಿಂಗಳವರೆಗಿನ ನಾಲ್ಕು ತಿಂಗಳು. ಎರಡು ಗಾಳಿಗಳ ನಡುವಣ ಈ ಪ್ರಶಾಂತಕಾಲವೇ ಪ್ಲಿನಿಯ ನಾಲ್ಕು ತಿಂಗಳೆಂದು ಊಹಿಸುವುದು ಯುಕ್ತವಾಗಿ ತೋರುತ್ತದೆ.

ಇದಕ್ಕೆ ಒಂದು ಆಕ್ಷೇಪವುಂಟು. ಚೀನದ ಯಾತ್ರಿಕನಾದ ಫಾಹಿಯಾನನು ಐದನೆಯ ಶತಮಾನದ ಆದಿಯಲ್ಲಿ ತಾಮ್ರಲಿಪ್ತಿಯಿಂದ ಹೊರಟು, ಚಳಿಗಾಲದ ಮೊದಲಿನ ಅನುಕೂಲವಾಯುವಿನಲ್ಲಿ ಹದಿನಾಲ್ಕು ದಿನಗಳಿಗೆ ಸಿಂಹಳವನ್ನು ಸೇರಿದನು. ಹಾಗಾದರೆ ಈಶಾನ್ಯ ಮಾರುತವೇ ಯಾನಕಾಲವಲ್ಲವೇ ಎಂದು ಕೇಳಬಹುದು. ಸಮಾಧಾನವೇನೆಂದರೆ, ಫಾಹಿಯಾನನದು ವಿಶಾಲವಾದ ಬಂಗಾಳ ಕೊಲ್ಲಿಯಲ್ಲಿ ಗಾಳಿಯ ಬೆನ್ನಿಗೆ ಬಿದ್ದು ನಡೆದ ದೂರಯಾನ. ಪ್ಲಿನಿಯು ಹೇಳುವುದು ಮರಳುದಿಬ್ಬಗಳ ನಡುವೆ ಇಕ್ಕಟ್ಟಾದ ಕಾಲುವೆಗಳಲ್ಲಿ ನಡೆಯುವ ಅಡ್ಡದಾಟು. ಮೊದಲನೆಯದಕ್ಕೆ ಬಲವಾದ ಗಾಳಿ ಬೇಕು, ಎರಡನೆಯದಕ್ಕೆ ಗಾಳಿ ತಗ್ಗಬೇಕು. ಇವೆರಡನ್ನು ಒಂದೆಂದು ಭಾವಿಸುವುದರಿಂದಲೇ ಈ ಕಡಲಿನ ಇತಿಹಾಸದಲ್ಲಿ ಎಷ್ಟೋ ಗೊಂದಲಗಳು ಹುಟ್ಟಿವೆ.

೪. ಮಹಾತೀರ್ಥದ ಏಳುಬೀಳು

ಸೇತುವಿನ ಮೇಲೆ ದೊಡ್ಡ ಹಡಗು ಹಾಯದು. ಪಶ್ಚಿಮದಿಂದ ಬಂದ ಹಡಗು ಮನ್ನಾರ್ ಖಾರಿಯಲ್ಲಿಯೇ ನಿಲ್ಲಬೇಕು, ಇಲ್ಲವೇ ಸಿಂಹಳವನ್ನು ದಕ್ಷಿಣದಿಂದ ಸುತ್ತಿಬರಬೇಕು. ಈ ಅಡ್ಡಿಯು ಒಂದು ಬಂದರಿಗೆ ಭಾಗ್ಯವಾಯಿತು. ಮನ್ನಾರ್ ದ್ವೀಪದ ಎದುರಿಗೆ ಸಿಂಹಳದ ನೆಲದ ಮೇಲೆ, ಮಲ್ವತು ಓಯದ ಮುಖದ ಸಮೀಪದಲ್ಲಿದ್ದ ಮಹಾತೀರ್ಥವೇ ಅದು. ಪಾಲಿಯಲ್ಲಿ ಮಹಾತಿತ್ಥ, ತಮಿಳಿನಲ್ಲಿ ಮಾತೋಟ್ಟಂ, ಈಗಿನ ಹೆಸರು ಮಾಂತೈ. ಅನುರಾಧಪುರದ ರಾಜಧಾನಿಗೆ ಅದೇ ಸಮುದ್ರದ್ವಾರ. ಅಲ್ಲಿಯ ತಿರುಕ್ಕೇತೀಶ್ವರದ ಶಿವನನ್ನು ತಮಿಳಿನ ಶೈವಾಚಾರ್ಯರಾದ ಸಂಬಂಧರೂ ಸುಂದರರೂ ಹಾಡಿರುವರು. ಆರನೆಯ ಶತಮಾನದ ಕಾಸ್ಮಸ್ ಎಂಬ ಯವನವರ್ತಕನು ಸಿಂಹಳವು ಪೂರ್ವಪಶ್ಚಿಮಗಳ ಸರಕುಗಳು ಕೂಡುವ ನಡುಮಾರುಕಟ್ಟೆಯೆಂದು ಬರೆದಿರುವನು. ೧೯೮೦ರ ದಶಕದಲ್ಲಿ ಮಾಂತೈಯಲ್ಲಿ ನಡೆದ ಉತ್ಖನನದಲ್ಲಿ ಚೀನದ ಮಣ್ಣಿನ ಪಾತ್ರೆಗಳೂ ಪಶ್ಚಿಮ ಏಷ್ಯದ ಪಾತ್ರೆಗಳೂ ಒಂದೇ ನೆಲದಲ್ಲಿ ಸಿಕ್ಕಿದುವು. ಗ್ರಂಥದ ಮಾತನ್ನು ಗುದ್ದಲಿಯು ಸಮರ್ಥಿಸಿತು.

ಇದೇ ದಾರಿಯಲ್ಲಿ ಕುದುರೆಗಳೂ ದಾಟಿದುವು. ಕುದುರೆಗಳನ್ನು ಹಡಗಿನಲ್ಲಿ ತರುತ್ತಿದ್ದವನ ಮಕ್ಕಳಾದ ಸೇನ ಗುತ್ತಿಕರೆಂಬ ಇಬ್ಬರು ತಮಿಳರು ಅನುರಾಧಪುರವನ್ನು ಹಿಡಿದು ೨೨ ವರ್ಷ ಆಳಿದರೆಂದು ಮಹಾವಂಶವು ಹೇಳುತ್ತದೆ. ವ್ಯಾಪಾರದ ಹಾದಿಯೇ ಸಿಂಹಾಸನದ ಹಾದಿಯೂ ಆಗಬಲ್ಲುದೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನವು ಈ ಕಡಲಿನ ಇತಿಹಾಸದಲ್ಲಿ ದುರ್ಲಭ. ಮಹಾತೀರ್ಥವಾದರೋ ಚೋಳರ ಕಾಲದಲ್ಲಿ ರಾಜರಾಜಪುರವೆಂಬ ಹೆಸರನ್ನು ಪಡೆಯಿತು. ಹನ್ನೊಂದನೆಯ ಶತಮಾನದ ಬಳಿಕ ಅದರ ಹಿರಿಮೆ ಕುಗ್ಗಿತು. ರಾಜಧಾನಿಯು ಪೂರ್ವಕ್ಕೆ ಪೊಲನ್ನರುವಕ್ಕೆ ಸರಿದುದು ಇದಕ್ಕೆ ಒಂದು ಕಾರಣವಾಗಿರಬೇಕು.

೫. ದಂಡಯಾತ್ರೆಗಳು ಮತ್ತು ಕರ್ಣಾಟರಾಜರು

ಈ ಕಡಲನ್ನು ದಾಟಿದ ದಂಡುಗಳ ಚರಿತ್ರೆಯಲ್ಲಿ ಕನ್ನಡನಾಡಿನ ಅರಸರ ಹೆಸರು ಮತ್ತೆ ಮತ್ತೆ ಬರುವುದು. ಸಿಂಹಳದ ರಾಜಪುತ್ರನಾದ ಮಾನವರ್ಮನು ರಾಜ್ಯಭ್ರಷ್ಟನಾಗಿ ಕಾಂಚಿಯಲ್ಲಿ ಪಲ್ಲವ ನರಸಿಂಹವರ್ಮನ ಆಶ್ರಯದಲ್ಲಿದ್ದನು. ವಲ್ಲಭರಾಜನು ಯುದ್ಧಕ್ಕೆ ಬಂದಾಗ ಮಾನವರ್ಮನು ಪಲ್ಲವನ ಪಕ್ಷದಲ್ಲಿ ಹೋರಾಡಿದನೆಂದು ಚೂಳವಂಶವು ಹೇಳುತ್ತದೆ. ಆ ವಲ್ಲಭನು ಬಾದಾಮಿಯ ಚಾಳುಕ್ಯರಾಜನೆಂದು ವಿದ್ವಾಂಸರು ಗ್ರಹಿಸಿರುವರು. ಆ ಸೇವೆಗೆ ಪ್ರತಿಫಲವಾಗಿ ಪಲ್ಲವನ ನಾವೆಗಳು ಮಾನವರ್ಮನನ್ನು ಕಡಲು ದಾಟಿಸಿದುವು. ವಾತಾಪಿಯ ಯುದ್ಧದ ಅಲೆಯು ಹೀಗೆ ಅನುರಾಧಪುರದವರೆಗೂ ಹೋಯಿತು.

ರಾಷ್ಟ್ರಕೂಟ ಮೂರನೆಯ ಕೃಷ್ಣನು ೯೪೯ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದನು. ಆತನು ಚೇರ, ಪಾಂಡ್ಯ, ಸಿಂಹಳರಿಂದ ಕಪ್ಪವನ್ನು ಪಡೆದು ರಾಮೇಶ್ವರದಲ್ಲಿ ಜಯಸ್ತಂಭವನ್ನು ನೆಟ್ಟನೆಂದು ೯೫೯ರ ಕರಹಾಡದ ತಾಮ್ರಶಾಸನವು ಸಾರುತ್ತದೆ. ಅದೇ ವರ್ಷ ಮುಗಿದ ಸೋಮದೇವಸೂರಿಯ ಯಶಸ್ತಿಲಕದಲ್ಲಿಯೂ ಕೃಷ್ಣನು ಗೆದ್ದವರ ಪಟ್ಟಿಯಲ್ಲಿ ಸಿಂಹಳದ ಹೆಸರಿದೆ. ಇಲ್ಲಿ ಗಮನಿಸತಕ್ಕುದು, ಪ್ರಶಸ್ತಿಕಾರನು ತನ್ನ ಒಡೆಯನ ಸ್ತಂಭವನ್ನು ಕಡಲಿನ ಈಚೆಗೇ ನಿಲ್ಲಿಸಿರುವನು. ಕಪ್ಪವು ಕಡಲನ್ನು ದಾಟಿ ಬಂದಿರಬಹುದು; ದಂಡು ದಾಟಿತೆಂದು ಶಾಸನವೇ ಹೇಳುವುದಿಲ್ಲ.

ದಾಟಿದವರು ಚೋಳರು. ರಾಜರಾಜನ ದಂಡು ಸುಮಾರು ೯೯೩ರಲ್ಲಿ ಅನುರಾಧಪುರವನ್ನು ಹಾಳುಗೆಡವಿತು. ೧೦೧೭ರಲ್ಲಿ ರಾಜೇಂದ್ರನ ಕಾಲದಲ್ಲಿ ಐದನೆಯ ಮಹಿಂದನು ಸೆರೆಸಿಕ್ಕಿದನು. ಆದರೂ ೧೦೭೦ರಲ್ಲಿ ವಿಜಯಬಾಹುವು ಅವರನ್ನು ಹೊರದೂಡಿದನು. ಈ ವಿಜಯಬಾಹುವಿನ ಕಾಲದ ಒಂದು ವೃತ್ತಾಂತವು ಕನ್ನಡಿಗರಿಗೆ ವಿಶೇಷವಾಗಿ ತಿಳಿದಿರತಕ್ಕುದು. ಕರ್ಣಾಟರಾಜನು ಸಿಂಹಳಕ್ಕೆ ಉಡುಗೊರೆಗಳೊಡನೆ ದೂತರನ್ನು ಕಳುಹಿಸಿದನು. ಆ ರಾಜನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನೆಂದು ಇತಿಹಾಸಜ್ಞರ ಅಭಿಪ್ರಾಯ. ಚೋಳನ ಇಬ್ಬದಿಯ ಶತ್ರುಗಳು ಸಖ್ಯವನ್ನು ಬಯಸಿದುದು ಸಹಜವೇ. ಪ್ರತಿಯಾಗಿ ವಿಜಯಬಾಹುವು ತನ್ನ ದೂತರನ್ನು ಕಳುಹಿಸಲು, ಅವರು ಚೋಳರ ನೆಲವನ್ನು ಹೊಕ್ಕ ಕೂಡಲೆ ಅಲ್ಲಿನವರು ಅವರ ಕಿವಿಮೂಗುಗಳನ್ನು ಕೊಯ್ದು ಹಿಂದಕ್ಕಟ್ಟಿದರು.

ವಿಜಯಬಾಹುವು ಕೋಪಗೊಂಡು ಮಹಾತೀರ್ಥದಲ್ಲಿಯೂ ಮತ್ತೊಂದು ತೀರ್ಥದಲ್ಲಿಯೂ ದಂಡನ್ನು ಕೂಡಿಸಿ ನಾವೆಗಳನ್ನು ಅಣಿಗೊಳಿಸತೊಡಗಿದನು. ಆದರೆ ಹೊರಡಬೇಕಾದ ವೇಳಕ್ಕಾರ ಪಡೆಯು ಚೋಳರ ಮೇಲೆ ಹೋಗಲೊಲ್ಲದೆ ದಂಗೆಯೆದ್ದು ಅರಮನೆಗೆ ಬೆಂಕಿಯಿಟ್ಟಿತು. ದಂಗೆಯನ್ನು ಅಡಗಿಸಿದ ಅನಂತರ ಅರಸನು ಮತ್ತೊಮ್ಮೆ ಕಡಲತಡಿಗೆ ಬಂದು ಚೋಳನಿಗಾಗಿ ಕಾದನು, ಚೋಳನು ಬರಲಿಲ್ಲ, ಕಾದು ಹಿಂದಿರುಗಿದನು. ಕಲ್ಯಾಣಕ್ಕೂ ಪೊಲನ್ನರುವಕ್ಕೂ ನಡುವೆ ಇದ್ದುದು ಕಡಲೆಂಬ ಅಡ್ಡಿಗಿಂತ ಆ ಕಡಲಿನ ಎದುರು ದಡವನ್ನು ಹಿಡಿದಿದ್ದವನ ಅಡ್ಡಿ. ದಾಟುವುದು ಒಂದು ರಾತ್ರಿಯ ಕೆಲಸ. ಇಳಿಯುವುದಕ್ಕೆ ನೆಲ ಬೇಕು. ಇಳಿಯುವ ನೆಲವನ್ನು ಮೊದಲು ಭದ್ರಪಡಿಸಿಕೊಂಡವನು ಹನ್ನೆರಡನೆಯ ಶತಮಾನದ ಪರಾಕ್ರಮಬಾಹು. ಆತನ ಸೇನಾಪತಿಯಾದ ಲಂಕಾಪುರನು ರಾಮೇಶ್ವರವನ್ನು ಹಿಡಿದು, ಅದೇ ದ್ವೀಪದ ಕುಂದುಕಾಲದಲ್ಲಿ ಪರಾಕ್ರಮಪುರವೆಂಬ ಕೋಟೆಯನ್ನು ಕಟ್ಟಿದ ಮೇಲೆ ಪಾಂಡ್ಯನಾಡಿನ ಒಳಕ್ಕೆ ನುಗ್ಗಿದನು. ವಿಜಯನಗರದ ಕಾಲಕ್ಕೆ ಬಂದರೆ, ಇಮ್ಮಡಿ ದೇವರಾಯನ ದಂಡನಾಯಕನೂ ಕನ್ನಡ ಶಿವತತ್ತ್ವಚಿಂತಾಮಣಿಯ ಕರ್ತೃವೂ ಆದ ಲಕ್ಕಣ್ಣನು ದಕ್ಷಿಣಸಮುದ್ರಾಧಿಪತಿಯೆಂಬ ಬಿರುದನ್ನು ಧರಿಸಿದ್ದನು.

೬. ಮುತ್ತಿನ ಋತು

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುತ್ತುಗಳ ಆಕರಗಳನ್ನು ಎಣಿಸುವಾಗ ತಾಮ್ರಪರ್ಣಿಕ, ಪಾಂಡ್ಯಕವಾಟಕಗಳನ್ನು ಮೊದಲು ಹೇಳಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಸಿಂಹಳ, ತಾಮ್ರಪರ್ಣಿಗಳ ಹೆಸರುಂಟು. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಪಾಂಡ್ಯರು ರಘುವಿಗೆ ಅರ್ಪಿಸುವುದು ತಾಮ್ರಪರ್ಣಿಯು ಕಡಲನ್ನು ಕೂಡುವೆಡೆಯ ಮುತ್ತುಗಳನ್ನೇ. ಕ್ರಿ. ಶ. ಒಂದನೆಯ ಶತಮಾನದ ಪೆರಿಪ್ಲಸ್ ಎಂಬ ಯವನಗ್ರಂಥವು ಪಾಂಡ್ಯರ ಕೊರ್ಕೈಯಲ್ಲಿ ದಂಡನೆಗೊಳಗಾದ ಅಪರಾಧಿಗಳನ್ನು ಮುತ್ತಿಗಾಗಿ ಮುಳುಗಿಸುತ್ತಿದ್ದರೆಂದು ತಿಳಿಸುತ್ತದೆ. ಕಾವ್ಯದ ಕಾಂತಿಯ ಹಿಂದೆ ಈ ಕಷ್ಟವೂ ಇದ್ದಿತೆಂಬುದನ್ನು ಮರೆಯತಕ್ಕುದಲ್ಲ.

ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ಎಂಬ ವೆನಿಸಿನ ವರ್ತಕನು ಮುತ್ತಿನ ಬೇಟೆಯು ಏಪ್ರಿಲಿನ ಆದಿಯಿಂದ ಮೇ ತಿಂಗಳ ನಡುವಿನವರೆಗೆ ನಡೆಯುವುದೆಂದೂ, ಆದಾಯದಲ್ಲಿ ಅರಸನಿಗೆ ಹತ್ತರಲ್ಲೊಂದು ಪಾಲೂ, ಮಂತ್ರದಿಂದ ದೊಡ್ಡ ಮೀನುಗಳ ಬಾಯನ್ನು ಕಟ್ಟುವ ಬ್ರಾಹ್ಮಣರಿಗೆ ಇಪ್ಪತ್ತರಲ್ಲೊಂದು ಪಾಲೂ ಸಲ್ಲುವುದೆಂದೂ ಬರೆದಿರುವನು. ಆ ಕಾಲಾವಧಿಯು ಪ್ಲಿನಿಯ ಲೇಖದಿಂದ ಊಹಿಸಿದ ನಾಲ್ಕು ತಿಂಗಳ ಒಳಗೇ ಬೀಳುವುದು. ಬ್ರಿಟಿಷರ ಕಾಲದಲ್ಲಿ ಅರಿಪ್ಪುವಿನ ಎದುರಿನ ಮುತ್ತಿನ ಬೇಟೆಯೂ ವಸಂತದ ಈ ಪ್ರಶಾಂತಕಾಲದಲ್ಲಿಯೇ ನಡೆಯುತ್ತಿದ್ದಿತು. ಪರಸ್ಪರ ತಿಳಿಯದ ಮೂರು ಸಾಕ್ಷಿಗಳು ಹದಿನೆಂಟು ಶತಮಾನಗಳ ಅಂತರದಲ್ಲಿ ಒಂದೇ ಮಾತನ್ನು ಹೇಳುವುದರಿಂದ ಮೇಲಿನ ಊಹೆಯು ಬಲಪಡುವುದು.

ಮುತ್ತಿನ ಚಿಪ್ಪುಗಳು ಬಾಳುವುದು 'ಪಾರು'ಗಳೆಂದು ತಮಿಳರು ಕರೆಯುವ ನೀರೊಳಗಿನ ಬಂಡೆಗಳ ಮೇಲೆ. ಎಳೆಯ ಚಿಪ್ಪುಗಳನ್ನು ಪ್ರವಾಹವು ತಂದು ಬಿಡಬೇಕು, ಮರಳು ಅವನ್ನು ಮುಚ್ಚದಿರಬೇಕು, ಮೀನುಗಳು ತಿಂದುಬಿಡದಿರಬೇಕು.  ಇವು ಕೂಡಿಬರುವ ವರ್ಷಗಳು ಅಪರೂಪ. ೧೯೦೫ರಲ್ಲಿ ಮನ್ನಾರ್ ಖಾರಿಯಲ್ಲಿ ಅಪಾರವಾದ ಬೇಟೆಯಾಯಿತು. ಆ ಲಾಭವನ್ನು ಕಂಡು ೧೯೦೬ರಲ್ಲಿ ಒಂದು ಕಂಪೆನಿಯು ಆ ಪಾರುಗಳನ್ನು ಗುತ್ತಿಗೆ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಚಿಪ್ಪು ಸಿಗದೆ ಕೈಸುಟ್ಟುಕೊಂಡಿತು. ಗುತ್ತಿಗೆಯ ಪತ್ರಕ್ಕೆ ವರ್ಷದ ಲೆಕ್ಕವಿರುವುದು, ಕಡಲಿನ ಮರಳಿಗೆ ಆ ಲೆಕ್ಕವಿಲ್ಲ.

೭. ಹಳಿ, ಬಿರುಗಾಳಿ ಮತ್ತು ಗಡಿರೇಖೆ

೧೯೧೪ರ ಫೆಬ್ರವರಿ ೨೪ರಂದು ಪಾಂಬನ್ ಕಂಡಿಯ ಮೇಲೆ ಎರಡು ಕಿಲೋಮೀಟರಿಗೆ ಮೇಲ್ಪಟ್ಟ ರೈಲುಸೇತುವೆ ತೆರೆಯಿತು. ಮದರಾಸಿನಲ್ಲಿ ರೈಲು ಹತ್ತಿದವನು ಧನುಷ್ಕೋಟಿಯಲ್ಲಿ ಇಳಿದು, ಹಬೆಹಡಗಿನಲ್ಲಿ ತಲೈಮನ್ನಾರಿಗೆ ದಾಟಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊವನ್ನು ಸೇರುತ್ತಿದ್ದನು. ಐವತ್ತು ವರ್ಷಗಳ ಕಾಲ ಈ ಕಡಲು ಎಲ್ಲ ಋತುಗಳಲ್ಲಿಯೂ ತೆರೆದ ಬಾಗಿಲಿನಂತಿದ್ದಿತು. ಮನುಷ್ಯನು ಪ್ಲಿನಿಯ ನೂರು ದಿನಗಳನ್ನು ಗೆದ್ದನೆಂದು ತೋರಿತು.

೧೯೬೪ರ ಡಿಸೆಂಬರ್ ೨೨ರ ರಾತ್ರಿ ಈಶಾನ್ಯ ಋತುವಿನ ಚಂಡಮಾರುತವೊಂದು ಸಿಂಹಳದ ಉತ್ತರಭಾಗವನ್ನು ಹಾದು ಪಾಕ್ ಜಲಸಂಧಿಗೆ ಬಂದಿತು. ಭೂಮಧ್ಯರೇಖೆಗೆ ಇಷ್ಟು ಸಮೀಪದಲ್ಲಿ ಅಂತಹ ಬಿರುಗಾಳಿಗಳು ವಿರಳ. ಬಂದರೆ ಆಳವಿಲ್ಲದ ಕೊಲ್ಲಿಯಲ್ಲಿ ನೀರಿಗೆ ತಗ್ಗಲು ಎಡೆಯಿಲ್ಲದೆ ಅದು ದಡದ ಮೇಲೆ ಏರುವುದು. ಇಪ್ಪತ್ತು ಅಡಿಗೂ ಮೀರಿದ ನೀರು ಧನುಷ್ಕೋಟಿಯ ಮೇಲೆ ಬಿದ್ದಿತು. ಪಾಂಬನಿನಿಂದ ಹೊರಟು ಊರನ್ನು ಸಮೀಪಿಸುತ್ತಿದ್ದ ರೈಲು ಪ್ರಯಾಣಿಕರೊಡನೆ ಕೊಚ್ಚಿಹೋಯಿತು. ಅದರಲ್ಲಿದ್ದವರು ನೂರಕ್ಕೂ ಹೆಚ್ಚು ಮಂದಿ. ಎರಡು ದಡಗಳಲ್ಲಿಯೂ ಸೇರಿ ಸುಮಾರು ೧,೮೦೦ ಮಂದಿ ಮಡಿದರೆಂದು ಲೆಕ್ಕವಿದೆ. ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ ಎಂಬ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ೪೬ ದಿನಗಳಲ್ಲಿ ಸರಿಪಡಿಸಿದರು. ಧನುಷ್ಕೋಟಿಯನ್ನು ವಾಸಕ್ಕೆ ಅಯೋಗ್ಯವೆಂದು ಸರ್ಕಾರವು ಸಾರಿತು. ಅಲ್ಲಿಗೆ ಹಳಿಯು ಮತ್ತೆ ಹೋಗಲಿಲ್ಲ. ನಿಲ್ದಾಣದ ಗೋಡೆಗಳೂ ಇಗರ್ಜಿಯ ಗೋಡೆಗಳೂ ಮರಳಿನಲ್ಲಿ ನಿಂತಿವೆ.

ಹತ್ತು ವರ್ಷಗಳ ಬಳಿಕ, ೧೯೭೪ರ ಜೂನ್ ತಿಂಗಳಲ್ಲಿ, ಎರಡು ಸರ್ಕಾರಗಳೂ ಪಾಕ್ ಕೊಲ್ಲಿಯಲ್ಲಿ ಗಡಿರೇಖೆಯನ್ನು ಎಳೆದುವು. ಆ ರೇಖೆಯಿಂದ ಕಚ್ಚತ್ತೀವು ಎಂಬ ೨೮೫ ಎಕರೆಯ ದ್ವೀಪವು ಸಿಂಹಳದ ಭಾಗವಾಯಿತು. ೧೯೭೬ರ ಮಾರ್ಚಿಯಲ್ಲಿ ಮನ್ನಾರ್ ಖಾರಿಯ ರೇಖೆಯೂ ನಿರ್ಣಯವಾಯಿತು. ರೇಖೆಯು ಒಂದೇ ಕಡೆ ನಿಂತಿರುವುದು. ಮೀನುಗಳು ಗಾಳಿಯನ್ನೂ ಪ್ರವಾಹವನ್ನೂ ಅನುಸರಿಸಿ ಸರಿಯುವುವು. ಬೆಸ್ತನು ಮೀನನ್ನು ಅನುಸರಿಸುವನು. ತಳವನ್ನು ಗೋರುವ ಯಂತ್ರದೋಣಿಗಳು ಬಂದ ಮೇಲೆ ಈ ವಿರೋಧವು ತೀವ್ರವಾಯಿತು. ಸಿಂಹಳದ ಉತ್ತರದಲ್ಲಿ ೧೯೮೩ರಿಂದ ೨೦೦೯ರವರೆಗೆ ನಡೆದ ಯುದ್ಧದಲ್ಲಿ ಅಲ್ಲಿನ ಬೆಸ್ತರು ಕಡಲಿಗಿಳಿಯಲಾರದೆ ನೊಂದರು. ಯುದ್ಧ ಮುಗಿದು ಅವರು ಹಿಂದಿರುಗಿದಾಗ ತಮ್ಮ ಕಡಲಿನಲ್ಲಿ ಎದುರು ದಡದ ಯಂತ್ರದೋಣಿಗಳನ್ನು ಕಂಡರು. ೨೦೧೭ರಲ್ಲಿ ಶ್ರೀಲಂಕೆಯು ತಳಗೋರುವ ಬಲೆಗಳನ್ನು ನಿಷೇಧಿಸಿತು. ಎರಡು ದಡಗಳಲ್ಲಿರುವವರೂ ತಮಿಳನ್ನೇ ಆಡುವ ಬಡವರು. ಆದರೂ ಒಬ್ಬರ ಬಲೆ ಮತ್ತೊಬ್ಬರ ಅನ್ನವನ್ನು ಹರಿಯುವ ಸ್ಥಿತಿ ಒದಗಿತು. ೨೦೨೩ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಕಾಂಕೇಸಂತುರೈಗೆ ಮತ್ತೆ ಪ್ರಯಾಣಿಕರ ಹಡಗು ಆರಂಭವಾಯಿತು. ೨೦೨೫ರ ಏಪ್ರಿಲ್ ೬ರಂದು ಪಾಂಬನಿನಲ್ಲಿ ಹೊಸ ರೈಲುಸೇತುವೆ ತೆರೆಯಿತು.

ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುವುವು. ಮೊದಲನೆಯದು, ಈ ಕಡಲನ್ನು ಕುರಿತ ಯಾವ ಲೇಖವನ್ನಾದರೂ ಓದುವಾಗ ಅದು ದೂರಯಾನದ ಮಾತೋ ಅಡ್ಡದಾಟಿನ ಮಾತೋ ಎಂಬುದನ್ನು ಮೊದಲು ವಿಂಗಡಿಸಬೇಕು. ಇವೆರಡರ ಋತು ಒಂದಲ್ಲ. ಎರಡನೆಯದು, ಪ್ಲಿನಿಯ ನಾಲ್ಕು ತಿಂಗಳು ಫೆಬ್ರವರಿಯಿಂದ ಮೇ ತಿಂಗಳವರೆಗಿನ ಪ್ರಶಾಂತಕಾಲವೆಂಬುದಕ್ಕೆ ಗಾಳಿಯ ಗತಿಯೂ ಮುತ್ತಿನ ಬೇಟೆಯ ಕಾಲವೂ ಸಾಕ್ಷಿಯಾಗಿವೆ. ಮೂರನೆಯದು, ಎರಡು ದೇಶಗಳನ್ನು ಬೇರೆಮಾಡಿದುದು ಕಡಲಿನ ಅಗಲವಲ್ಲ, ಆಳವೂ ಅಲ್ಲ. ವರ್ಷದ ಎಂಟು ತಿಂಗಳು ದಾಟಿ ಹೋದವನಿಗೆ ಬೆಂಬಲವು ಮುಟ್ಟದಂತೆ ಮಾಡುತ್ತಿದ್ದ ಗಾಳಿ, ಮತ್ತು ಇಳಿಯುವ ದಡವನ್ನು ಹಿಡಿದಿದ್ದವನ ಕತ್ತಿ.

ಹಡಗಿನ ಯಂತ್ರಗಳು ಗಾಳಿಯ ಹಂಗನ್ನು ಬಹುಮಟ್ಟಿಗೆ ಕಡಮೆ ಮಾಡಿವೆ. ಆದರೆ ೨೦೧೮ರ ನವೆಂಬರ್ ೧೬ರಂದು ಗಜ ಎಂಬ ಚಂಡಮಾರುತವು ವೇದಾರಣ್ಯದ ದಡವನ್ನು ಹಾಳುಮಾಡಿದುದು ಅದೇ ಈಶಾನ್ಯ ಋತುವಿನಲ್ಲಿ. ಈ ದಡಗಳಲ್ಲಿ ಸೇತುವೆಯನ್ನು ಕಟ್ಟುವವರೂ, ರೇಖೆಯನ್ನು ಎಳೆಯುವವರೂ, ಅಲ್ಲಿನ ಬೆಸ್ತರು ತಲೆತಲಾಂತರದಿಂದ ಎಣಿಸಿಕೊಂಡು ಬಂದ ತಿಂಗಳುಗಳನ್ನು ವಿಚಾರಿಸಿ ತಿಳಿದುಕೊಂಡು ಮುಂದುವರಿಯುವುದು ಕ್ಷೇಮಕರವೆಂದು ಈ ಕಡಲಿನ ಇತಿಹಾಸವು ತೋರಿಸುತ್ತದೆ.